ಮಾಲ್ಟಾಗೆ ಫಿಲ್ಮ್ ಕ್ಯಾಮೆರಾ: ಯಾವ ರೋಲ್ ಹಾಕ್ಬೇಕು, ಯಾವ ಕ್ಯಾಮೆರಾ ಒಯ್ಯಬೇಕು

ಫಿಲ್ಮ್‌ನಲ್ಲಿ ಫೋಟೋ ತೆಗೆಯೋರು ಟ್ರಿಪ್‌ಗೆ ಮುಂಚೆ ಕೇಳೋ ಮೊದಲನೇ ಪ್ರಶ್ನೆ ಯಾವ ರೋಲ್ ಒಳ್ಳೇದು ಅಂತ. ಬರೀ ಹಂಗೆ ಕೇಳಿದ್ರೆ ಏನೂ ಹೇಳಕ್ಕಾಗಲ್ಲ, ಆದ್ರೆ ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾಗೆ ಯಾವುದು ಅಂದ್ರೆ ಗಟ್ಟಿಯಾಗಿ ಹೇಳ್ಬೋದು, ಯಾಕಂದ್ರೆ ಅಲ್ಲಿ ನಿಮಗೆ ಸಿಗೋದು ಎರಡೇ ಥರದ ಬೆಳಕು. ಒಂದು ಹೊರಗಡೆ ಕಣ್ಣು ಬಿಡಕ್ಕಾಗದಷ್ಟು ಬಿಸಿಲು, ಇನ್ನೊಂದು ಚರ್ಚು, ಗಲ್ಲಿ, ಕೋಟೆ ಒಳಗಿನ ಕತ್ತಲೆ. ಇವೆರಡರ ಮಧ್ಯದ ಹದವಾದ ಬೆಳಕು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು, ಅಷ್ಟೇ.

ಇದಕ್ಕೆಲ್ಲ ಮೂಲ ಅಲ್ಲಿನ ಕಲ್ಲು. ಗ್ಲೋಬಿಜರೀನಾ ಅನ್ನೋ ಮೆತ್ತನೆ ಸುಣ್ಣದಕಲ್ಲು, ತಿಳಿ ಹಳದಿಗೂ ಜೇನಿನ ಬಣ್ಣಕ್ಕೂ ನಡುವೆ. 1565ರ ತುರ್ಕರ ದೊಡ್ಡ ಮುತ್ತಿಗೆ ಮುಗಿದ ಮೇಲೆ 1566ರಲ್ಲಿ, ಆಗ ದ್ವೀಪ ಆಳ್ತಿದ್ದ ಸೇಂಟ್ ಜಾನ್ ಪಂಗಡದ ನೈಟ್‌ಗಳು (ಕ್ರೈಸ್ತ ಯೋಧರು) ಈಗಿನ ರಾಜಧಾನಿ ವಲೆಟ್ಟಾಗೆ ಅಡಿಗಲ್ಲು ಹಾಕಿದ್ರಲ್ಲ, ಕೋಟೆಗೋಡೆ, ಮೆಟ್ಟಿಲು, ಅರಮನೆ, ಸಾಮಾನ್ಯರ ಮನೆ ಎಲ್ಲಾ ಆ ಕಲ್ಲಿನದ್ದೇ. ಮಧ್ಯಾಹ್ನ ಈ ಗೋಡೆಗಳೇ ಬೆಳಕನ್ನ ವಾಪಸ್ ಎಸೀತವೆ, ಹಾಗಾಗಿ ಬಿಸಿಲು ಮೇಲಿಂದ ಮಾತ್ರ ಬರಲ್ಲ, ಎಡದಿಂದ ಬಲದಿಂದ ಕಾಲಡಿಯಿಂದನೂ ಬರತ್ತೆ. ಅದೇ ಗೋಡೆಯ ಇನ್ನೊಂದು ಮಗ್ಗುಲಿಗೆ ತಿರುಗಿದ್ರೆ ಗಾಢ ನೆರಳು. ಎಲ್ಲದಕ್ಕೂ ಒಂದೇ ಫಿಲ್ಮ್ ಅಂತ ಹೊರಟ್ರೆ ಇಲ್ಲಿ ಅರ್ಧ ಟ್ರಿಪ್ ಕೈ ತಪ್ಪಿ ಹೋಗತ್ತೆ.

ನನ್ನ ತೀರ್ಮಾನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಕಾರಣಗಳು. ವಾರದ ಟ್ರಿಪ್ ಆದ್ರೆ ಮುಖ್ಯ ಫಿಲ್ಮ್ ಆಗಿ ಕೊಡಾಕ್ ಗೋಲ್ಡ್ 200, ನಾಲ್ಕೈದು ರೋಲ್ (ಆ ಸಂಖ್ಯೆ ಫಿಲ್ಮ್‌ನ ಸ್ಪೀಡ್, ಅಂದ್ರೆ ಐಎಸ್‌ಓ, ಜಾಸ್ತಿ ಇದ್ದಷ್ಟೂ ಕಮ್ಮಿ ಬೆಳಕು ಸಾಕು). ಕತ್ತಲೆಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅನ್ನೋ 400ರ ಕಪ್ಪುಬಿಳುಪು ಫಿಲ್ಮ್ ಎರಡು ರೋಲ್. ಸಮುದ್ರ ಮತ್ತೆ ದೋಣಿಗಳಿಗೆ ಕೊಡಾಕ್‌ನದೇ ಎಕ್ಟಾರ್ 100 ಒಂದು. ಕ್ಯಾಮೆರಾ ಒಂದು 35 ಎಂಎಂ ಎಸ್‌ಎಲ್‌ಆರ್ (ಲೆನ್ಸ್ ಮೂಲಕವೇ ನೋಡಿ ತೆಗೆಯೋ ಕ್ಯಾಮೆರಾ), ಅದಕ್ಕೊಂದು 35ರ ಲೆನ್ಸ್, ಇಲ್ಲದಿದ್ರೆ 50ರದ್ದು, ಸಾಕು. ಕೊಡಾಕ್‌ನ ದುಬಾರಿ ಫಿಲ್ಮ್ ಪೋರ್ಟ್ರಾದ ಹುಚ್ಚಿನಲ್ಲಿ ಇರೋರಿಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು, ಆದ್ರೂ ಪೂರ್ತಿ ಓದಿ.

ಬಿಸಿಲಿಗೆ: ಗೋಲ್ಡ್, ಪೋರ್ಟ್ರಾ, ಎಕ್ಟಾರ್

ಪೋರ್ಟ್ರಾ 400 ಒಳ್ಳೇ ಫಿಲ್ಮ್, ಅದರಲ್ಲಿ ಎರಡು ಮಾತಿಲ್ಲ. ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು ಇಲ್ಲಾ ಅರ್ಧ) ಜಾಸ್ತಿ ಎಕ್ಸ್‌ಪೋಸ್ ಆದ್ರೂ ತಡ್ಕೊಳತ್ತೆ, ಮುಖದ ಬಣ್ಣ ಚೆನ್ನಾಗಿ ಕೊಡತ್ತೆ, ಗ್ರೇನ್ (ಫೋಟೋ ಮೇಲಿನ ಕಾಳುಕಾಳು) ಕಮ್ಮಿ. ಆದ್ರೆ ಅದನ್ನ ಮಾಡಿರೋದೇ ಬಣ್ಣಗಳನ್ನ ಸ್ವಲ್ಪ ಮೆತ್ತಗೆ ಇಡೋಕೆ, ಮದುವೆ ಮತ್ತೆ ಪೋರ್ಟ್ರೇಟ್ ತೆಗೆಯೋರಿಗೆ ಅದೇ ಬೇಕಾಗಿರೋದು. ವಲೆಟ್ಟಾದ ಕಲ್ಲಿಗೆ ಆ ಮೆತ್ತನೆ ಗುಣ ಹೊಂದಲ್ಲ. ಒಂದು ಸ್ಟಾಪ್ ಜಾಸ್ತಿ ಕೊಟ್ಟು ತೆಗೆದ ಪೋರ್ಟ್ರಾದಲ್ಲಿ ಆ ಜೇನಿನ ಬಣ್ಣ ಕೆನೆಯ ಬಿಳಿಗೆ ಹತ್ತಿರ ಬಂದ್ಬಿಡತ್ತೆ, ನೋಡಕ್ಕೆ ಮೃದುವಾಗಿರತ್ತೆ, ಆದ್ರೆ ಅದು ಮಾಲ್ಟಾ ಅನ್ನಿಸಲ್ಲ, ಯಾವ ಊರು ಬೇಕಾದ್ರೂ ಆಗ್ಬೋದು ಅನ್ನೋ ಹಾಗೆ ಕಾಣತ್ತೆ.

ಗೋಲ್ಡ್ 200 ತದ್ವಿರುದ್ಧ. ಅದರ ಗುಣನೇ ಹಳದಿ ಕಡೆ ವಾಲೋದು. ಬೇರೆ ಕಡೆ ಇದು ಸಮಸ್ಯೆ, ಮೋಡದ ದಿನ, ಹಸಿರು ಕಾಡು ಅಂತ ಕಡೆ ಮಂಕು ಬಡಿದ ಹಾಗಾಗತ್ತೆ, ಆದ್ರೆ ಹಳದಿ ಕಲ್ಲಿನ ಊರಲ್ಲಿ ಸಂಜೆ ಬಿಸಿಲು ಬಿದ್ದಾಗ ಗೋಲ್ಡ್ ಕೊಡೋ ಗೋಡೆ ಇದೆಯಲ್ಲ, ಅದರ ಮೇಲೆ ಹಸಿರು ಇಲ್ಲಾ ಕೆಂಪು ಬಣ್ಣ ಬಳಿದ ಮರದ ಮುಚ್ಚು ಬಾಲ್ಕನಿ, ಅಲ್ಲಿಯವರು ಗಲ್ಲರಿಯಾ ಅಂತಾರೆ, ಬಣ್ಣ ಅಲ್ಲಲ್ಲಿ ಎದ್ದು ಬಂದು ಒಳಗಿನ ಮರ ಕಾಣ್ತಿರತ್ತೆ, ಕೆಳಗೆ ಬಾಲ್ಕನಿ ಹೊತ್ತಿರೋ ಕೆತ್ತನೆ ಕಲ್ಲಿನ ನೆರಳು ಗೋಡೆ ಮೇಲೆ ಉದ್ದಕ್ಕೆ ಬಿದ್ದಿರತ್ತೆ, ಆ ಒಂದು ಫ್ರೇಮ್‌ಗೆ ಗೋಲ್ಡ್‌ನ ಮೀರಿಸೋ ಫಿಲ್ಮ್ ನಾನು ನೋಡಿಲ್ಲ. ಮೇಲಾಗಿ ಬೆಲೆ. ಪೋರ್ಟ್ರಾದ ಒಂದು ರೋಲ್ ದುಡ್ಡಿಗೆ ಹೆಚ್ಚುಕಮ್ಮಿ ಗೋಲ್ಡ್‌ನ ಎರಡು ರೋಲ್ ಬರತ್ತೆ. ರಜಾದಲ್ಲಿ ಪ್ರತಿ ಕ್ಲಿಕ್‌ಗೂ ಲೆಕ್ಕ ಹಾಕ್ತಾ ಕೂರೋದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಕಾರಣ ಸ್ಪೀಡ್. ಬಿಸಿಲಿನ ದಿನಕ್ಕೆ ಹಳೇ ಸೂತ್ರ ಇದೆಯಲ್ಲ, ಅಪರ್ಚರ್ (ಲೆನ್ಸ್‌ನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್ 16 ಇಟ್ಟು ಶಟರ್ ಸ್ಪೀಡ್ ಫಿಲ್ಮ್‌ನ ಐಎಸ್‌ಓ ಸಂಖ್ಯೆಗೆ ಹತ್ತಿರ ಇಡೋದು, ಆ ಲೆಕ್ಕದಲ್ಲಿ 400ರ ಫಿಲ್ಮ್‌ಗೆ 1/500, ಎಫ್ 16. ನಿಮ್ಮ ಕ್ಯಾಮೆರಾದ ಮ್ಯಾಕ್ಸಿಮಮ್ ಸ್ಪೀಡೇ 1/500 ಆಗಿದ್ರೆ ಇಡೀ ದಿನ ಎಫ್ 16ರಲ್ಲೇ ಸಿಕ್ಕಾಕ್ಕೊಂಡಿರ್ತೀರ, ಹಿಂದಿನದ್ದು ಮುಂದಿನದ್ದು ಎಲ್ಲಾ ಶಾರ್ಪ್, ಹಿನ್ನೆಲೆ ಬ್ಲರ್ ಮಾಡೋ ಆಸೆ ಬಿಟ್ಬಿಡಿ. ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1 ಇವುಗಳಲ್ಲಿ 1/1000 ಇದೆ, ಅಂದ್ರೆ 400ಕ್ಕೆ ಎಫ್ 11. ಅದೇ 100ರ ಫಿಲ್ಮ್ ಹಾಕಿದ್ರೆ 1/1000ದಲ್ಲಿ ಎಫ್ 5.6ಕ್ಕೆ ಬರ್ಬೋದು, ನಿಕಾನ್ ಎಫ್‌ಎಂ2 ಇದ್ರೆ 1/4000ದಲ್ಲಿ ಎಫ್ 2.8ರವರೆಗೂ. ಹಾಗಾಗಿ ಹಗಲಿಗೆ 400ರ ಕಲರ್ ಫಿಲ್ಮ್ ಒಯ್ಯೋದೇ ಬೇಡ ಅಂತೀನಿ, ಅಲ್ಟ್ರಾಮ್ಯಾಕ್ಸ್ 400 ಕೂಡ ಬೇಡ.

ಎಕ್ಟಾರ್ 100 ಬಗ್ಗೆ ಸ್ವಲ್ಪ ಹುಷಾರಾಗಿ ಹೇಳ್ಬೇಕು. ನೀಲಿ ಮತ್ತೆ ಕೆಂಪು ಇಷ್ಟು ಗಟ್ಟಿಯಾಗಿ ಕೊಡೋ ಕಲರ್ ನೆಗೆಟಿವ್ ಇನ್ನೊಂದಿಲ್ಲ, ಗ್ರೇನ್ ಕಾಣೋದೇ ಇಲ್ಲ ಅನ್ನೋಷ್ಟು ಕಮ್ಮಿ. ಆದ್ರೆ ಎಕ್ಸ್‌ಪೋಶರ್ ಕಮ್ಮಿ ಆದ್ರೆ ನೆರಳೆಲ್ಲ ನೀಲಿಗೆ ತಿರುಗತ್ತೆ, ನಮ್ಮಂಥ ಕಂದು ಚರ್ಮಕ್ಕೆ ಕೆಂಪು ಜಾಸ್ತಿ ಸುರೀತದೆ. ಮನೆಯವರ ಫೋಟೋಗೆ ಬೇಡ. ಅದರ ಜಾಗ ಮಾರ್ಸಾಶ್ಲೊಕ್. ದ್ವೀಪದ ಆಗ್ನೇಯ ಮೂಲೆಯ ಮೀನುಗಾರರ ಊರು, ಭಾನುವಾರ ಬೆಳಿಗ್ಗೆ ಮೀನು ಸಂತೆ. ಅಲ್ಲಿನ ಲುಟ್ಸು ದೋಣಿಗಳು ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆಪಟ್ಟೆಯಾಗಿ ಇರ್ತವೆ, ಮೂತಿಯ ಎರಡೂ ಕಡೆ ಒಂದೊಂದು ಕಣ್ಣು, ಹುಬ್ಬಿನ ಸಮೇತ, ಮರದಲ್ಲಿ ಉಬ್ಬಿಸಿ ಬಣ್ಣ ಹಚ್ಚಿರೋದು, ದೋಣಿ ಕಾಯ್ಲಿ ಅಂತ ಹಿಂದಿನಿಂದ ಬಂದಿರೋ ನಂಬಿಕೆ. ಹತ್ತಿರ ಹೋಗಿ ನೋಡಿ, ಹೊಸ ಬಣ್ಣದ ಅಂಚಲ್ಲಿ ಹಳೇ ಬಣ್ಣದ ಪದರಗಳು ಒಂದರ ಮೇಲೊಂದು ಕಾಣ್ತವೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಇರೋವಾಗ ಎಕ್ಟಾರ್‌ನ ಅಲ್ಲಿ ಮುಗಿಸಿ, ನೀರಲ್ಲಿ ಬಿದ್ದಿರೋ ಬಣ್ಣನೂ ಬರತ್ತೆ. ಬಲೆ ಸರಿಮಾಡ್ತಾ ಕೂತಿರೋರನ್ನ ಕೇಳಿ ತೆಗೀರಿ, ಅವರು ಕೆಲಸದಲ್ಲಿರ್ತಾರೆ.

ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲದೆ ನೇರವಾಗಿ ನಿಜ ಬಣ್ಣದ ಚಿತ್ರವೇ ಬರೋದು) ಒಯ್ಯಬೇಕಾ ಅಂತ ಕೆಲವರು ಕೇಳ್ತಾರೆ, ಎಕ್ಟಾಕ್ರೋಮ್ ಇ100, ಪ್ರೋವಿಯಾ, ವೆಲ್ವಿಯಾ. ನೀಲಿ ಸಮುದ್ರಕ್ಕೆ ಅದ್ಭುತ ಅನ್ನೋದು ನಿಜ, ಆದ್ರೆ ಅರ್ಧ ಸ್ಟಾಪ್ ತಪ್ಪಿದ್ರೂ ಕಾಣತ್ತೆ, ಬಿಸಿಲಿನ ಗೋಡೆ ಮತ್ತೆ ನೆರಳಿನ ಗಲ್ಲಿ ಒಂದೇ ಫ್ರೇಮ್‌ನಲ್ಲಿ ಇದ್ರೆ ಯಾವುದಾದ್ರೂ ಒಂದು ಸತ್ತೇ ಹೋಗತ್ತೆ. ಅದನ್ನ ತೊಳೆಯೋ ಇ-6 ಪ್ರೋಸೆಸ್ ಮಾಡೋ ಲ್ಯಾಬ್‌ಗಳು ನಮ್ಮಲ್ಲಿ ಬೆರಳೆಣಿಕೆ. ಮೊದಲನೇ ಸಲ ಹೋಗೋರಿಗೆ ಬೇಡ.

ಮೀಟರ್ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಯಾವ ಫಿಲ್ಮ್ ಹಾಕಿದ್ರೂ ಇದು ತಪ್ಪಿದ್ರೆ ಫೋಟೋ ಮಂಕಾಗತ್ತೆ. ಕ್ಯಾಮೆರಾದ ಮೀಟರ್ ಏನೇ ನೋಡಿದ್ರೂ ಅದನ್ನ ನಡುವಿನ ಬೂದು ಅಂತ ಅಂದ್ಕೊಳತ್ತೆ. ಫ್ರೇಮ್ ತುಂಬಾ ಬಿಸಿಲು ಬಿದ್ದ ಬಿಳಿಹಳದಿ ಗೋಡೆ ಇದ್ರೆ ಅಬ್ಬಾ ಎಷ್ಟು ಬೆಳಕು ಅಂತ ಕಮ್ಮಿ ಎಕ್ಸ್‌ಪೋಶರ್ ಹೇಳತ್ತೆ. ಗೋಲ್ಡ್ 200 ಹಾಕಿದ್ರೆ ಡಯಲ್‌ನಲ್ಲಿ 100 ಇಟ್ಕೊಳಿ, ಆ ಒಂದು ಸ್ಟಾಪ್ ಸರಿಯಾಗಿ ಈ ತಪ್ಪನ್ನ ತುಂಬತ್ತೆ. ನೆಗೆಟಿವ್ ಫಿಲ್ಮ್‌ಗೆ ಬೆಳಕು ಜಾಸ್ತಿ ಆದ್ರೆ ತೊಂದರೆ ಇಲ್ಲ, ಕಮ್ಮಿ ಆದ್ರೇ ಕಷ್ಟ.

ಕತ್ತಲೆಗೆ: ಕಪ್ಪುಬಿಳುಪಾ, ಕಲರಾ

ವಲೆಟ್ಟಾದ ಸೇಂಟ್ ಜಾನ್ಸ್ ಕೋ-ಕೆಥಿಡ್ರಲ್ ಒಳಗೆ ಹೋಗದೆ ಯಾರೂ ವಾಪಸ್ ಬರಲ್ಲ. ಹೊರಗಿಂದ ನೋಡಿದ್ರೆ ಕೋಟೆ ಥರ ಬೋಳು ಗೋಡೆ, ಒಳಗೆ ಕಾಲಿಟ್ರೆ ಚಿನ್ನ, ಮೇಲೆ ಮತ್ತಿಯಾ ಪ್ರೇತಿ ಬಿಡಿಸಿದ ಚಾವಣಿ, ಕೆಳಗೆ ನಡೆದಾಡೋ ನೆಲಾನೇ ನೈಟ್‌ಗಳ ಸಮಾಧಿಗಳು, ಸುಮಾರು 400 ಅಮೃತಶಿಲೆ ಚಪ್ಪಡಿ, ಬಣ್ಣಬಣ್ಣದ ಕಲ್ಲಿನ ತುಂಡು ಕೂರಿಸಿ ಮಾಡಿದ ಅಸ್ಥಿಪಂಜರ, ಲಾಂಛನ, ರೆಕ್ಕೆ. ಆ ಕಲ್ಲಿಗೆ ಏಟಾಗಬಾರದು ಅಂತ ಚೂಪು ಹಿಮ್ಮಡಿ ಚಪ್ಪಲಿ ಬಿಡಲ್ಲ. ಕಾರವಾಜ್ಜೋ 1608ರಲ್ಲಿ ಬಿಡಿಸಿದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರ ಇಲ್ಲೇ ಇರೋದು, ಅವನು ಬಿಡಿಸಿದ್ದರಲ್ಲೇ ದೊಡ್ಡದು, ಸಹಿ ಹಾಕಿದ್ದು ಅಂದ್ರೆ ಇದೊಂದೇ. ಫ್ಲ್ಯಾಶ್ ಹಾಕೋ ಹಾಗಿಲ್ಲ, ಟ್ರೈಪಾಡ್ ಯೋಚನೆನೂ ಬೇಡ.

ಇಂಥ ಒಳಾಂಗಣದಲ್ಲಿ 400ರ ಫಿಲ್ಮ್ ಹಾಕಿ ಎಫ್ 2 ತೆರೆದ್ರೆ ಶಟರ್ 1/30 ಆಸುಪಾಸಿಗೆ ಬರತ್ತೆ, ಕಂಬಕ್ಕೆ ಒರಗಿ ಉಸಿರು ಬಿಗಿ ಹಿಡಿದ್ರೆ ಆಗ್ಬೋದು, ಆದ್ರೆ ಜನ ಓಡಾಡ್ತಿರ್ತಾರೆ, ಅಲುಗಾಡಿರತ್ತೆ. ಎಚ್‌ಪಿ5ನ 1600ಕ್ಕೆ ಎತ್ತಿ ತೆಗೆದ್ರೆ ಅದೇ ಎಫ್ 2ಗೆ 1/125, ನೆಮ್ಮದಿ. ಎತ್ತೋದು ಅಂದ್ರೆ ಕ್ಯಾಮೆರಾದಲ್ಲಿ 1600 ಅಂತ ಇಟ್ಟು ಇಡೀ ರೋಲ್ ತೆಗೆದು, ಲ್ಯಾಬ್‌ಗೆ ಎರಡು ಸ್ಟಾಪ್ ಪುಶ್ ಮಾಡಿ, ಅಂದ್ರೆ ಜಾಸ್ತಿ ಹೊತ್ತು ತೊಳೀರಿ ಅಂತ ಹೇಳೋದು. ರೋಲ್ ಮಧ್ಯದಲ್ಲಿ ಬದಲಾಯಿಸೋ ಹಾಗಿಲ್ಲ. ಕಾಂಟ್ರಾಸ್ಟ್ ಏರತ್ತೆ, ಗ್ರೇನ್ ಬರತ್ತೆ, ಮೋಂಬತ್ತಿ ಬೆಳಕಿನ ಚರ್ಚ್‌ಗೆ ಅದು ಹೊಂದತ್ತೆ. ಇಲ್ಫರ್ಡ್‌ನದೇ ಡೆಲ್ಟಾ 3200 ಇನ್ನೂ ಸುಲಭ ಅಂತ ಅನ್ನಿಸ್ಬೋದು, ಆದ್ರೆ ಬೆಲೆ ಜಾಸ್ತಿ, ಗ್ರೇನ್ ದಪ್ಪ, ಏರ್‌ಪೋರ್ಟ್ ಎಕ್ಸ್‌ರೇಗೆ ಬೇಗ ಹಾಳಾಗತ್ತೆ. ಎಚ್‌ಪಿ5ದು ಇನ್ನೊಂದು ಲಾಭ, ಒಂದು ರೋಲ್ ಚರ್ಚ್‌ಗೆ 1600ರಲ್ಲಿ, ಇನ್ನೊಂದು ರೋಲ್ 400ರಲ್ಲೇ ಗಲ್ಲಿಗಳಿಗೆ.

ಆ ಗಲ್ಲಿಗಳ ಬಗ್ಗೆ ಒಂದು ಮಾತು, ಇದು ನನಗೆ ತುಂಬಾ ಇಷ್ಟದ ವಿಷಯ. ಲೆನ್ಸ್ ಮುಂದೆ ಒಂದು ಕಿತ್ತಳೆ ಫಿಲ್ಟರ್ ಹಾಕಿ ನೋಡಿ. ಕಿತ್ತಳೆ ಫಿಲ್ಟರ್ ನೀಲಿ ಬೆಳಕನ್ನ ತಡೆಯತ್ತೆ, ಹಳದಿ ಕೆಂಪನ್ನ ಬಿಡತ್ತೆ. ಮಾಲ್ಟಾದಲ್ಲಿ ಕಲ್ಲು ಹಳದಿ, ಆಕಾಶ ನೀಲಿ, ಅಷ್ಟೇ ಇರೋದು. ಹಾಗಾಗಿ ಕಪ್ಪುಬಿಳುಪಿನಲ್ಲಿ ಕಲ್ಲು ಬೆಳ್ಳಗೆ ಹೊಳೆಯತ್ತೆ, ಆಕಾಶ ಕಡುಬೂದಿಗೆ ಇಳಿಯತ್ತೆ, ಚರ್ಚ್ ಗುಮ್ಮಟಗಳು ಕೆತ್ತಿಟ್ಟ ಹಾಗೆ ಎದ್ದು ಬರ್ತವೆ. ಹೆಚ್ಚುಕಮ್ಮಿ ಎರಡು ಸ್ಟಾಪ್ ಬೆಳಕು ತಿನ್ನತ್ತೆ, ಆದ್ರೆ ಹಗಲಲ್ಲಿ ಬೆಳಕು ಬೇಕಾದಷ್ಟಿದೆ, 400ರ ಫಿಲ್ಮ್‌ಗೆ ಜಾಸ್ತಿಯಾಗ್ತಿದ್ದ ಬಿಸಿಲು ಕೂಡ ಹದಕ್ಕೆ ಬರತ್ತೆ. ಕೆಂಪು ಫಿಲ್ಟರ್ ಅತಿ ಆಗತ್ತೆ, ಹಳದಿ ಸಾಲಲ್ಲ.

ಕಲರ್‌ನಲ್ಲೇ ರಾತ್ರಿ ಬೇಕು ಅನ್ನೋರಿಗೆ ಸಿನೆಸ್ಟಿಲ್ 800ಟಿ. ಇದು ಕೊಡಾಕ್‌ನ ಸಿನಿಮಾ ಫಿಲ್ಮ್, ಹಿಂಬದಿಯ ಕಪ್ಪು ಪದರ ತೆಗೆದಿರೋದ್ರಿಂದ ದೀಪಗಳ ಸುತ್ತ ಕೆಂಪು ಪ್ರಭೆ ಬರತ್ತೆ, ಕಲರ್ ನೆಗೆಟಿವ್ ತೊಳೆಯೋ ಸಾಮಾನ್ಯ ಸಿ-41 ಲ್ಯಾಬ್‌ನಲ್ಲೇ ತೊಳೀಬೋದು. ಹಳದಿ ಬಲ್ಬಿನ ಬೆಳಕಿಗೆ ಅಂತ ಟ್ಯೂನ್ ಮಾಡಿರೋ ಫಿಲ್ಮ್, ಹಾಗಾಗಿ ಆ ಹಳದಿಯನ್ನ ತಣಿಸತ್ತೆ. ದ್ವೀಪದ ನಡುವಿನ ಹಳೇ ರಾಜಧಾನಿ ಇಮ್ದೀನಾಗೆ ಸಂಜೆ ಮೇಲೆ ಹೋಗಿ, ಟೂರ್ ಬಸ್ಸುಗಳು ಹೋದ್ಮೇಲೆ ಸೊಟ್ಟಸೊಟ್ಟ ಓಣಿಗಳು ಖಾಲಿ, ಗೋಡೆಗೆ ಹಾಕಿರೋ ದೀಪದ ಬೆಳಕಷ್ಟೇ. ಅಲ್ಲಿ ಸಿನೆಸ್ಟಿಲ್ ಚೆಂದ. ಆದ್ರೆ ಬರೀ ಒಂದು ಸಂಜೆಗೋಸ್ಕರ ದುಬಾರಿ ರೋಲ್, ಪೋರ್ಟ್ರಾ 800 ಅದಕ್ಕಿಂತ ಬಹುಮುಖ, ಕಲ್ಲಿನ ಬೆಚ್ಚಗಿನ ಬಣ್ಣನೂ ಉಳಿಯತ್ತೆ. ನಾನು ಒಂದೇ ಆರಿಸ್ಬೇಕು ಅಂದ್ರೆ ಪೋರ್ಟ್ರಾ 800.

ಹೈಪೋಜಿಯಂ ಅಂತ ಐದು ಸಾವಿರ ವರ್ಷಕ್ಕೂ ಹಳೇ ನೆಲದಡಿಯ ಸಮಾಧಿ ಗುಹೆ ಇದೆ, ಅದರೊಳಗೆ ಫೋಟೋನೇ ಇಲ್ಲ. ದಿನಕ್ಕೆ ಬಿಡೋದೂ ಕೆಲವೇ ಜನರನ್ನ, ಟಿಕೆಟ್ ತುಂಬಾ ಮುಂಚೆ ಮಾಡಿಸ್ಬೇಕು. ಕ್ಯಾಮೆರಾ ಇಲ್ಲದೆ ಹೋಗಿ ಬನ್ನಿ, ಖಂಡಿತ ಹೋಗಿ.

ಕ್ಯಾಮೆರಾ

ಇಲ್ಲಿ ನಾಲ್ಕು ದಾರಿ ಇದೆ, ನಾಲ್ಕಕ್ಕೂ ಅದರದ್ದೇ ಆದ ಜನ ಇದ್ದಾರೆ.

ಎಸ್‌ಎಲ್‌ಆರ್ ನನ್ನ ಮೊದಲ ಆಯ್ಕೆ ಅಂತ ಆಗ್ಲೇ ಹೇಳ್ದೆ. ಫಿಲ್ಟರ್ ಹಾಕಿದ್ರೆ ಏನಾಗ್ತಿದೆ ಅಂತ ಕಣ್ಣಲ್ಲೇ ಕಾಣತ್ತೆ, ಶಟರ್ ಸ್ಪೀಡ್ ಜಾಸ್ತಿ, ಚರ್ಚ್ ಒಳಗೆ ಎಫ್ 1.8ರ ಲೆನ್ಸ್ ಕೈ ಹಿಡಿಯತ್ತೆ. ಕೆ1000, ಎಫ್‌ಎಂ2 ಇವು ಬ್ಯಾಟರಿ ಸತ್ರೂ ಓಡ್ತವೆ, ಮೀಟರ್ ಮಾತ್ರ ಇರಲ್ಲ. ಎಇ-1ಗೆ ಬ್ಯಾಟರಿ ಇಲ್ಲ ಅಂದ್ರೆ ಶಟರ್ ಬೀಳೋದೇ ಇಲ್ಲ, ಎಕ್ಸ್‌ಟ್ರಾ ಬ್ಯಾಟರಿ ಇಲ್ಲಿಂದಲೇ ತಗೊಂಡು ಹೋಗಿ. ಲೆನ್ಸ್‌ಗಳಲ್ಲಿ 50 ಮಾತ್ರ ಇದ್ರೆ ವಲೆಟ್ಟಾದ ಇಕ್ಕಟ್ಟು ಗಲ್ಲಿಗಳಲ್ಲಿ ಬೆನ್ನು ಗೋಡೆಗೆ ತಾಗಿದ್ರೂ ಫ್ರೇಮ್ ಸಾಲಲ್ಲ, 35 ಅಥವಾ 28 ಸಿಕ್ಕಿದ್ರೆ ಅದನ್ನೇ ಒಯ್ಯಿ. ಜೂಮ್ ಬೇಡ, ಹಳೇ ಜೂಮ್‌ಗಳು ಕತ್ತಲೆಯಲ್ಲಿ ಕೈ ಕೊಡ್ತವೆ.

ಹಾಫ್ ಫ್ರೇಮ್ ಬಗ್ಗೆ ಈಗ ಎಲ್ಲರೂ ಮಾತಾಡ್ತಿದ್ದಾರೆ, 36ರ ರೋಲ್‌ನಲ್ಲಿ 72 ಫೋಟೋ. 2024ರಲ್ಲಿ ಬಂದ ಪೆಂಟಾಕ್ಸ್ 17, ಹಳೇ ಒಲಿಂಪಸ್ ಪೆನ್‌ಗಳು, ಕೊಡಾಕ್ ಎಕ್ಟಾರ್ ಎಚ್35 ಪ್ಲಾಸ್ಟಿಕ್ ಕ್ಯಾಮೆರಾ. ಉಳಿತಾಯದ ಮಾತು ಪಕ್ಕಕ್ಕಿಡಿ, ಮಾಲ್ಟಾಗೆ ಇದರದ್ದೊಂದು ನಿಜವಾದ ಲಾಭ ಬೇರೆ ಇದೆ. ಕ್ಯಾಮೆರಾನ ಸುಮ್ನೆ ನೆಟ್ಟಗೆ ಹಿಡಿದ್ರೆ ಫ್ರೇಮ್ ಉದ್ದುದ್ದ ಬರತ್ತೆ, ವಲೆಟ್ಟಾ ಅಂದ್ರೆನೇ ಉದ್ದುದ್ದ. ಮೆಟ್ಟಿಲು ಬೀದಿ, ಎರಡೂ ಕಡೆ ನಾಲ್ಕೈದು ಅಂತಸ್ತಿನ ಮನೆ, ಮೇಲೆ ಬಾಲ್ಕನಿ ಸಾಲು, ಕೊನೆಗೆ ಒಂದು ತುಂಡು ಸಮುದ್ರ. ಪೆಂಟಾಕ್ಸ್ 17ರಲ್ಲಿ ಎಕ್ಸ್‌ಪೋಶರ್ ಆಟೋಮ್ಯಾಟಿಕ್, ಐಎಸ್‌ಓ ಡಯಲ್ ನಿಮ್ಮ ಕೈಯಲ್ಲಿ, ಹಾಗಾಗಿ ಮೇಲೆ ಹೇಳಿದ ಒಂದು ಸ್ಟಾಪ್ ಕೊಡ್ಬೋದು. ಎಚ್35ರಲ್ಲಿ ಏನೂ ಬದಲಾಯಿಸಕ್ಕಾಗಲ್ಲ, ಶಟರ್ 1/100, ಅಪರ್ಚರ್ ಎಫ್ 9.5, ಆ ಬಿಸಿಲಿಗೆ 200 ಹಾಕಿದ್ರೇ ಎರಡೂವರೆ ಸ್ಟಾಪ್ ಜಾಸ್ತಿ, 400 ಹಾಕಲೇಬೇಡಿ, 100 ಸಿಕ್ಕಿದ್ರೆ ಹಾಕಿ. ಚರ್ಚ್ ಒಳಗೆ ಅದು ಉಪಯೋಗಕ್ಕೆ ಬರಲ್ಲ. ಹಾಫ್ ಫ್ರೇಮ್ ನೆಗೆಟಿವ್ ಚಿಕ್ಕದು, ದೊಡ್ಡ ಪ್ರಿಂಟ್ ಹಾಕಿಸೋರು ಬೇರೆ ಯೋಚನೆ ಮಾಡಿ, ಸ್ಕ್ಯಾನ್‌ಗೆ ಜಾಸ್ತಿ ಚಾರ್ಜ್ ಮಾಡ್ತಾರಾ ಅಂತ ಲ್ಯಾಬ್‌ನಲ್ಲಿ ಮೊದಲೇ ಕೇಳಿ.

ಮನೆ ಅಟ್ಟದಲ್ಲಿ ಅಪ್ಪನ ಯಾಶಿಕಾ ಎಂಎಫ್-2 ಅಥವಾ ಕೊಡಾಕ್ ಕೆಬಿ10 ಇದೆ, ಅದನ್ನೇ ಒಯ್ಯಲಾ ಅಂತ ಕೇಳೋರು ಬಹಳ ಜನ. ಒಯ್ಯಿರಿ, ಆ ಬಿಸಿಲು ಈ ಫಿಕ್ಸೆಡ್ ಫೋಕಸ್ ಕ್ಯಾಮೆರಾಗಳಿಗೆ ಹೇಳಿ ಮಾಡಿಸಿದ್ದು, ಹಗಲಲ್ಲಿ ಒಳ್ಳೇ ಫೋಟೋನೇ ಬರತ್ತೆ, ಅಪ್ಪ ಅಮ್ಮನ ಹನಿಮೂನ್ ಫೋಟೋ ತೆಗೆದ ಕ್ಯಾಮೆರಾದಲ್ಲೇ ನಿಮ್ಮ ರಜಾದ್ದೂ ಇರೋದು ದೊಡ್ಡ ವಿಷಯ. ಆದ್ರೆ ಅದೊಂದನ್ನೇ ನಂಬ್ಕೊಂಡು ಹೋಗ್ಬೇಡಿ. ಇಷ್ಟು ವರ್ಷ ಆದ್ಮೇಲೆ ಹಿಂಬಾಗಿಲ ಅಂಚಿನ ಸ್ಪಂಜು ಪುಡಿಯಾಗಿ ಅಂಟಂಟಾಗಿರತ್ತೆ, ಅಲ್ಲಿಂದ ಬೆಳಕು ನುಗ್ಗಿ ಫ್ರೇಮ್ ಮೇಲೆ ಕಿತ್ತಳೆ ಪಟ್ಟಿ ಬೀಳತ್ತೆ. ರಿಪೇರಿ ಮಾಡೋರ ಹತ್ರ ಸ್ಪಂಜು ಬದಲಾಯಿಸಿ, ಹೊರಡೋದಕ್ಕೆ ತಿಂಗಳು ಮುಂಚೆ ಒಂದು ರೋಲ್ ಇಲ್ಲೇ ತೆಗೆದು ತೊಳೆಸಿ ನೋಡಿ. ಈ ಮಾತು ಎಲ್ಲಾ ಹಳೇ ಕ್ಯಾಮೆರಾಗೂ ಸೇರಿಸಿ ಹೇಳ್ತಿದ್ದೀನಿ. ಒಲಿಂಪಸ್ ಮ್ಯೂ 2 ಥರದ ಆಟೋಫೋಕಸ್ ಕಾಂಪ್ಯಾಕ್ಟ್ ಈಗ ಕೇಳೋ ಬೆಲೆಗೆ ಯೋಗ್ಯ ಅಲ್ಲ, ಅದು ಕ್ಯಾಸೆಟ್ ಮೇಲಿನ ಡಿಎಕ್ಸ್ ಕೋಡ್ ಓದಿ ತಾನೇ ಐಎಸ್‌ಓ ಇಡತ್ತೆ, ಒಂದು ಸ್ಟಾಪ್ ಜಾಸ್ತಿ ಕೊಡೋಣ ಅಂದ್ರೆ ದಾರಿ ಇಲ್ಲ, ಸರ್ಕ್ಯೂಟ್ ಹೋದ್ರೆ ರಿಪೇರಿನೂ ಕಷ್ಟ.

ಇನ್ನು ಟ್ವಿನ್ ಲೆನ್ಸ್, ಮೇಲಿನ ಲೆನ್ಸ್ ನೋಡಕ್ಕೆ ಕೆಳಗಿನದ್ದು ತೆಗೆಯಕ್ಕೆ, ಯಾಶಿಕಾ ಮ್ಯಾಟ್ 124ಜಿ ಅಂಥದ್ದು. 120 ಅನ್ನೋ ಅಗಲ ಫಿಲ್ಮ್‌ನ ರೋಲ್‌ಗೆ 12 ಫೋಟೋ, ಚೌಕ. ಒಂದು ಕೆಜಿ ಮೇಲೆ ಭಾರ. ಮೊದಲನೇ ಸಲ ಹೋಗೋರಿಗೆ, ಫ್ಯಾಮಿಲಿ ಜೊತೆ ಹೋಗೋರಿಗೆ ನಾನು ಬೇಡ ಅಂತೀನಿ, ಮಕ್ಕಳು ಬಾ ಬಾ ಅಂತ ಎಳೀತಿರೋವಾಗ ಮೀಟರ್ ನೋಡಿ ಫೋಕಸ್ ಮಾಡಿ ನಿಲ್ಲಕ್ಕಾಗಲ್ಲ. ಆದ್ರೆ ಒಬ್ಬರೇ ಹೋಗ್ತಿದ್ರೆ, ಟೈಮ್ ಇದ್ರೆ, ಇದರಷ್ಟು ಖುಷಿ ಇನ್ಯಾವುದೂ ಕೊಡಲ್ಲ. ಕನ್ನಡಿ ಬಡಿಯಲ್ಲ, ಹಾಗಾಗಿ 1/15ರಲ್ಲೂ ಹೊಟ್ಟೆಗೆ ಒತ್ತಿ ಹಿಡಿದ್ರೆ ಅಲುಗಲ್ಲ, ತಲೆ ಬಗ್ಗಿಸಿ ನೋಡ್ತೀರ ಅಂತ ಎದುರಿಗಿರೋರಿಗೂ ಮುಜುಗರ ಇರಲ್ಲ. ಗೋಲ್ಡ್ 200 ಈಗ 120ರಲ್ಲೂ ಬರತ್ತೆ. ರೋಲ್ ಬದಲಾಯಿಸೋದು ಮಾತ್ರ ನೆರಳಲ್ಲಿ, ಆ ಬಿಸಿಲಲ್ಲಿ ಸುರುಳಿ ಸ್ವಲ್ಪ ಸಡಿಲ ಆದ್ರೂ ಅಂಚು ಬೆಳಕು ತಿನ್ನತ್ತೆ.

ಕೊಮಿನೊ ದ್ವೀಪದ ಬ್ಲೂ ಲಗೂನ್‌ಗೆ ಈಜಕ್ಕೆ ಹೋಗೋರು ಇವ್ಯಾವುದನ್ನೂ ನೀರಿನ ಹತ್ರ ತರ್ಬೇಡಿ, ಉಪ್ಪುನೀರು ಒಂದು ಸಲ ಒಳಗೆ ಹೋದ್ರೆ ಆ ಕ್ಯಾಮೆರಾ ಮುಗೀತು. ಫ್ಯೂಜಿ ಕ್ವಿಕ್‌ಸ್ನ್ಯಾಪ್ ವಾಟರ್‌ಪ್ರೂಫ್ ಡಿಸ್ಪೋಸಬಲ್ ತಗೊಳಿ, ಒಳಗೆ 800ರ ಫಿಲ್ಮ್, 27 ಫೋಟೋ, 10 ಮೀಟರ್ ಆಳದವರೆಗೂ ತಡೆಯತ್ತೆ.

ಏರ್‌ಪೋರ್ಟ್

ಫಿಲ್ಮ್ ಆರಿಸೋವಾಗ ಇದನ್ನೂ ಲೆಕ್ಕಕ್ಕೆ ತಗೋಬೇಕು, ಯಾಕಂದ್ರೆ ಬೆಂಗಳೂರಿಂದ ಮಾಲ್ಟಾಗೆ ನೇರ ವಿಮಾನ ಇಲ್ಲ, ದುಬೈ, ಇಸ್ತಾಂಬುಲ್ ಅಥವಾ ಯುರೋಪಿನ ಯಾವುದೋ ಊರಲ್ಲಿ ಇಳಿದು ಹತ್ತಬೇಕು, ಹೋಗ್ತಾ ಬರ್ತಾ ಸೇರಿ ನಾಲ್ಕೈದು ಸಲ ಸ್ಕ್ಯಾನ್ ಆಗ್ಬೋದು. ಚೆಕ್‌ಇನ್ ಬ್ಯಾಗ್‌ನಲ್ಲಿ ಫಿಲ್ಮ್ ಯಾವತ್ತೂ ಹಾಕ್ಬೇಡಿ, ಅಲ್ಲಿನ ಎಕ್ಸ್‌ರೇ ಬಲವಾದದ್ದು. ಹ್ಯಾಂಡ್ ಬ್ಯಾಗ್‌ನ ಹಳೇ ಎಕ್ಸ್‌ರೇ ಮಷಿನ್ ಆದ್ರೆ 400ರವರೆಗಿನ ಫಿಲ್ಮ್‌ಗೆ ಕೆಲವು ಸಲ ಹೋದ್ರೂ ಏನೂ ಆಗಲ್ಲ. ಹೊಸ ಸಿಟಿ ಸ್ಕ್ಯಾನರ್‌ಗಳು ಹಾಗಲ್ಲ, ಒಂದೇ ಸಲ ಹೋದ್ರೂ ಫಿಲ್ಮ್ ಮೇಲೆ ಮಸುಕು ಬರ್ಬೋದು ಅಂತ ಕೊಡಾಕ್ ಕಂಪನಿನೇ ಎಚ್ಚರಿಕೆ ಕೊಟ್ಟಿದೆ. ಲ್ಯಾಪ್‌ಟಾಪ್ ಹೊರಗೆ ತೆಗೀಬೇಡಿ ಅಂತ ಹೇಳಿದ್ರೆ ಅದು ಸಿಟಿ ಮಷಿನ್ ಇರೋ ಸಾಧ್ಯತೆ ಹೆಚ್ಚು.

ಎಲ್ಲಾ ರೋಲ್ ಡಬ್ಬಿಯಿಂದ ತೆಗೆದು ಪಾರದರ್ಶಕ ಜಿಪ್ ಕವರ್‌ಗೆ ಹಾಕಿ, ಲೈನ್ ಕಮ್ಮಿ ಇರೋ ಹೊತ್ತಿಗೆ ಹೋಗಿ, ಕೈಯಲ್ಲಿ ಚೆಕ್ ಮಾಡಿ ಅಂತ ಮರ್ಯಾದೆಯಾಗಿ ಕೇಳಿ. ನಮ್ಮಲ್ಲಿ ಸಿಐಎಸ್‌ಎಫ್‌ನವರು ಒಪ್ಪಿದ್ರೂ ಒಪ್ಪಬೋದು ಇಲ್ಲಾಂದ್ರೂ ಇಲ್ಲ, ಯುರೋಪಿನಲ್ಲೂ ಅದು ಆ ಸಿಬ್ಬಂದಿ ಇಷ್ಟ, ಜಗಳ ಬೇಡ. ಹೆಚ್ಚು ಸ್ಪೀಡಿನ ಫಿಲ್ಮ್ ಹೆಚ್ಚು ಬೇಗ ಹಾಳಾಗತ್ತೆ, ಪುಶ್ ಮಾಡೋ ರೋಲ್‌ನೂ ಅದೇ ಲೆಕ್ಕಕ್ಕೆ ಸೇರಿಸಿ. ನಾನು 200 ಕಡೆ ವಾಲಿರೋದಕ್ಕೆ ಇದೂ ಒಂದು ಕಾರಣ. ಸೀಸದ ಚೀಲ ತಗೋಬೇಡಿ, ಪರದೆ ಮೇಲೆ ಕಪ್ಪಗೆ ಕಂಡ ಕೂಡಲೇ ಅವರು ಹೇಗೂ ತೆಗೆಸ್ತಾರೆ. ಕ್ಯಾಮೆರಾ ಒಳಗೆ ಅರ್ಧ ತೆಗೆದ ರೋಲ್ ಇಟ್ಕೊಂಡು ಸೆಕ್ಯೂರಿಟಿಗೆ ಹೋಗ್ಬೇಡಿ, ಹಿಂಬಾಗಿಲು ತೆರೀರಿ ಅಂದ್ರೆ ಅಷ್ಟೇ ಕಥೆ.

ಯಾವಾಗ, ಎಲ್ಲಿ

ಜುಲೈ ಆಗಸ್ಟ್ ಅಂದ್ರೆ ಬಿಸಿಲೂ ಜನಾನೂ ಜಾಸ್ತಿ, ಆದ್ರೆ ಊರೂರ ಚರ್ಚ್ ಹಬ್ಬ ನೋಡ್ಬೇಕು ಅಂದ್ರೆ ಅದೇ ಸಮಯ, ಆಗಸ್ಟ್ 15ರ ಸಾಂತಾ ಮರಿಯಾ ದೊಡ್ಡ ಹಬ್ಬ, ಬೀದಿ ತುಂಬಾ ಪತಾಕೆ, ಪಟಾಕಿ. ಬರೀ ಫೋಟೋ ಲೆಕ್ಕದಲ್ಲಿ ಏಪ್ರಿಲ್ ಮೇ ಅಥವಾ ಅಕ್ಟೋಬರ್. ಡಿಸೆಂಬರಿನಲ್ಲಿ ಸೂರ್ಯ ಕೆಳಗೇ ಇರ್ತಾನೆ, ಬೆಳಕು ದಿನವಿಡೀ ಓರೆ, ಚೆಂದ, ಆದ್ರೆ ಸಂಜೆ ಐದರೊಳಗೇ ಮುಳುಗ್ತಾನೆ, ಮಳೆನೂ ಆ ಕಾಲದಲ್ಲೇ. ಜೂನ್‌ನಲ್ಲಿ ಎಂಟು ದಾಟಿದ ಮೇಲೆ ಸೂರ್ಯಾಸ್ತ.

ಅಪ್ಪರ್ ಬರಾಕ್ಕಾ ತೋಟದಿಂದ ಕೆಳಗೆ ಗ್ರ್ಯಾಂಡ್ ಹಾರ್ಬರ್, ಎದುರಿಗೆ ಬಿರ್ಗು, ಸೆಂಗ್ಲಿಯಾ ಕೋಟೆ ಊರುಗಳು. ಇಲ್ಲಿ ಮಧ್ಯಾಹ್ನ 12ಕ್ಕೂ 4ಕ್ಕೂ ಫಿರಂಗಿ ಹಾರಿಸ್ತಾರೆ. ಎಲ್ಲರೂ 12ರದ್ದಕ್ಕೆ ನುಗ್ತಾರೆ, ಆಗ ಬೆಳಕು ನೆತ್ತಿ ಮೇಲೆ. 4ರದ್ದಕ್ಕೆ ಹೋಗಿ, ಸೂರ್ಯ ನಿಮ್ಮ ಬೆನ್ನ ಕಡೆ ಬಂದು ಎದುರಿನ ಊರುಗಳ ಮುಖಕ್ಕೆ ಬಿಸಿಲು ಬಿದ್ದಿರತ್ತೆ. ವಲೆಟ್ಟಾನೇ ದೂರದಿಂದ ಬೇಕು ಅಂದ್ರೆ ಸಂಜೆ ಸ್ಲೀಮಾ ದಂಡೆಯಿಂದ, ಬೆಳಿಗ್ಗೆ ಬಿರ್ಗು ಕಡೆಯಿಂದ.

ಪಕ್ಕದ ಗೋಜೊ ದ್ವೀಪಕ್ಕೆ ಒಂದು ದಿನ ಪೂರ್ತಿ ಕೊಡಿ, ಚಿರ್ಕೆವ್ವಾದಿಂದ ಫೆರ್ರಿಯಲ್ಲಿ ಅರ್ಧ ಗಂಟೆನೂ ಆಗಲ್ಲ. ಇಂಟರ್‌ನೆಟ್‌ನಲ್ಲಿ ಇನ್ನೂ ತಿರುಗ್ತಿರೋ ಅಜ್ಯೂರ್ ವಿಂಡೋ ಕಮಾನು 2017ರ ಮಾರ್ಚ್ 8ರಂದು ಸಮುದ್ರಕ್ಕೆ ಕುಸಿದು ಹೋಯ್ತು, ಅದಕ್ಕೋಸ್ಕರ ಹೋಗ್ಬೇಡಿ. ಶ್ವೈನಿ ಉಪ್ಪಿನಾಗರ ನೋಡಿ, ನಮ್ಮ ಸಾಣಿಕಟ್ಟಾದಲ್ಲಿ ಮಣ್ಣಿನ ಬದು ಕಟ್ಟಿದ ಹಾಗಲ್ಲ, ದಡದ ಬಂಡೆಯನ್ನೇ ಚೌಕಚೌಕ ಕೊರೆದಿರೋದು, ಸಂಜೆ ನೀರು ತುಂಬಿದ ಒಂದೊಂದು ಚೌಕದಲ್ಲೂ ಆಕಾಶ ಕಾಣತ್ತೆ. ಎಕ್ಟಾರ್‌ನಲ್ಲಿ ಫ್ರೇಮ್ ಉಳಿದಿದ್ರೆ ಇಲ್ಲಿಗೆ, ಇಲ್ಲಾ ಕಿತ್ತಳೆ ಫಿಲ್ಟರ್ ಹಾಕಿದ ಎಚ್‌ಪಿ5. ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೇದಾದ ಜಿಗಾಂತಿಯಾ ದೇವಸ್ಥಾನ ಬಯಲಲ್ಲಿದೆ, ಬೆಳಿಗ್ಗೆಯೇ ಹೋಗಿ. ಮಾಲ್ಟಾದಲ್ಲಿರೋ ಹಜರ್ ಈಮ್ ಮತ್ತೆ ಇಮ್ನೈದ್ರಾ ಮೇಲೆ 2009ರಿಂದ ದೊಡ್ಡ ಡೇರೆ ಹೊದಿಸಿದ್ದಾರೆ, ಅಲ್ಲಿ ನಡುಮಧ್ಯಾಹ್ನನೂ ನೆರಳಿನ ಮೆತ್ತನೆ ಬೆಳಕು, ಬೇರೆಲ್ಲೂ ಫೋಟೋ ಬರದ ಹೊತ್ತಿಗೆ ಹೋಗಕ್ಕೆ ಸರಿಯಾದ ಜಾಗ.

ತೆಗೆದ ರೋಲ್‌ನ ಬಾಡಿಗೆ ಕಾರಿನಲ್ಲಿ ಬಿಡ್ಬೇಡಿ, ಶಾಖಕ್ಕೆ ಬಣ್ಣ ವಾಲತ್ತೆ. ಪುಶ್ ಮಾಡೋ ರೋಲ್ ಮೇಲೆ ಆಗಿಂದಾಗ್ಲೇ ಪೆನ್‌ನಲ್ಲಿ 1600 ಅಂತ ಬರೀರಿ.

ಊರಿಗೆ ಬಂದು ಲ್ಯಾಬ್‌ಗೆ ಕೊಡೋವಾಗ ಒಂದು ಮಾತು ತಪ್ಪದೆ ಹೇಳಿ. ಲ್ಯಾಬ್ ಸ್ಕ್ಯಾನರ್‌ಗಳು ಫ್ರೇಮ್ ತುಂಬಾ ಹಳದಿ ಕಂಡ್ರೆ ಅದನ್ನ ತಪ್ಪು ಅಂದ್ಕೊಂಡು ತಾವೇ ನೀಲಿ ಸೇರಿಸಿ ಸರಿ ಮಾಡ್ತವೆ, ಆಗ ಜೇನಿನ ಬಣ್ಣದ ಊರು ಸಿಮೆಂಟ್ ಊರಾಗಿ ಬರತ್ತೆ, ಜನ ಫಿಲ್ಮ್‌ನ ಬೈಕೊಂಡು ಸುಮ್ನಾಗ್ತಾರೆ. ಆಟೋ ಕಲರ್ ಕರೆಕ್ಷನ್ ಬೇಡ, ಕಲ್ಲು ಹಳದಿನೇ ಇರೋದು ಅಂತ ಹೇಳಿ, ಫೋನ್‌ನಲ್ಲಿ ಸಂಜೆ ಹೊತ್ತು ತೆಗೆದ ಒಂದು ಫೋಟೋ ತೋರಿಸಿ, ಸಾಧ್ಯವಾದ್ರೆ ಟಿಫ್ ಫೈಲ್ (ಕುಗ್ಗಿಸದ ದೊಡ್ಡ ಫೈಲ್) ಕೇಳಿ. ಈಗಾಗ್ಲೇ ಬೂದಿಯಾಗಿ ಬಂದಿದ್ರೂ ನೆಗೆಟಿವ್‌ನಲ್ಲಿ ಬಣ್ಣ ಇದ್ದೇ ಇರತ್ತೆ, ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ.